ಮದುವೆಮನೆಯಲ್ಲಿ ನೆಂಟರ ಕ್ಯಾಂಡಿಡ್ ಫೋಟೊ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಹಾಸನದಲ್ಲಿ. ಕೆಲಸ ಮಾತ್ರ ಬೇಲೂರು, ಆಲೂರು, ಸಕಲೇಶಪುರ, ಆಚೆ ಮೂಡಿಗೆರೆ, ಚಿಕ್ಕಮಗಳೂರಿನವರೆಗೂ. ಮದುವೆಗೆ ಬಂದವರ ಫೋಟೊ ತೆಗೆಯುವುದು ನನ್ನ ಪಾಲು, ವೇದಿಕೆಯನ್ನು ಜೊತೆಗಾರ ನೋಡಿಕೊಳ್ಳುತ್ತಾನೆ. ಅಡ್ವಾನ್ಸ್ ಕೊಡಲು ಬಂದವರು, ಫೋನ್ ಮಾಡಿದವರು, ಛತ್ರದಲ್ಲೇ ತೋಳು ಹಿಡಿದು ನಿಲ್ಲಿಸಿದವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಉತ್ತರ ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದಿಟ್ಟಿದ್ದೇನೆ.

ಕ್ಯಾಂಡಿಡ್ ಅಂದ್ರೆ ನಮಗೆ ಗೊತ್ತಾಗದ ಹಾಗೆ ಕದ್ದು ತೆಗೆಯೋದಲ್ವಾ?

ಕದ್ದಲ್ಲ, ಕಾದು. ಕದಿಯುವವನು ಅವಿತುಕೊಳ್ಳುತ್ತಾನೆ. ನಾನು ಚಪ್ಪರ ಹಾಕುವ ಹೊತ್ತಿನಿಂದಲೇ ಹೆಗಲಿಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ಎಲ್ಲರ ಕಣ್ಣೆದುರು ಓಡಾಡುತ್ತಿರುತ್ತೇನೆ. ಮೊದಲ ಅರ್ಧ ಗಂಟೆ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಗಂಡಸರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ಕಾಫಿ ಬರುತ್ತದೆ, ಎಂದೋ ಕಂಡ ನೆಂಟರು ಸಿಗುತ್ತಾರೆ, ಯಾರ ಮಗಳಿಗೆ ಎಲ್ಲಿ ಸಂಬಂಧ ಕೂಡಿಬಂತು ಎಂಬ ಮಾತು ಶುರುವಾಗುತ್ತದೆ. ಆಮೇಲೆ ನಾನು ಶಾಮಿಯಾನದ ಕಂಬಕ್ಕೆ ಸಮ. ಕಾಯುವುದು ಆ ಗಳಿಗೆಗೆ.

ಕ್ಯಾಂಡಿಡ್ ಎಂಬ ಹೆಸರು ಶುರುವಾಗಿದ್ದು ಮಾತ್ರ ಕಳ್ಳತನದಿಂದಲೇ ಅನ್ನಿ. ಜರ್ಮನಿಯ ಎರಿಕ್ ಸಾಲೊಮನ್ 1928ರ ಸುಮಾರಿಗೆ ಟೋಪಿಯಲ್ಲಿ ಕ್ಯಾಮೆರಾ ಬಚ್ಚಿಟ್ಟುಕೊಂಡು ಕೋರ್ಟಿನೊಳಗೆ ಫೋಟೊ ತೆಗೆದ. ಅವನ ಚಿತ್ರಗಳ ದೆಸೆಯಿಂದಲೇ ಆ ಪದ ಪತ್ರಿಕೆಗಳಲ್ಲಿ ಚಾಲ್ತಿಗೆ ಬಂತು. ಆದರೆ ಬರಬರುತ್ತಾ ಮಂತ್ರಿಗಳಿಗೆ, ರಾಯಭಾರಿಗಳಿಗೆ ಅವನು ಎಷ್ಟು ಬಳಕೆಯಾದನೆಂದರೆ, 1931ರಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ಬ್ರಿಯಾಂ ಔತಣದ ಮೇಜಿನಿಂದಲೇ ‘ಅಗೋ, ಬಂದ’ ಎನ್ನುವ ಹಾಗೆ ಅವನತ್ತ ಬೆರಳು ತೋರಿಸಿದರು, ಅವನು ಆ ಬೆರಳನ್ನೂ ಕ್ಲಿಕ್ಕಿಸಿದ. ನನಗೆ ಇಷ್ಟ ಟೋಪಿಯ ಸಾಲೊಮನ್ ಅಲ್ಲ, ಈ ಎರಡನೆಯವನು.

ಹಾಗಾದ್ರೆ ಸ್ಟೇಜ್ ಫೋಟೊ ಬೇಡ್ವಾ?

ಬೇಕೇ ಬೇಕು. ಎಂಟು ಮೈಲಿ ಬಸ್ಸಿನಲ್ಲಿ ಬಂದು, ಆರತಕ್ಷತೆಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಮದುಮಕ್ಕಳ ಪಕ್ಕ ನೆಟ್ಟಗೆ ನಿಂತವರಿಗೆ ಆ ಫೋಟೊ ಹಾಜರಿ ಪುಸ್ತಕವಿದ್ದ ಹಾಗೆ. ಅದನ್ನು ಹಳೇ ಕಾಲದ್ದು ಎಂದು ತಳ್ಳಿಹಾಕುವ ಹೊಸ ಹುಡುಗರ ಜೊತೆ ನನಗೆ ಜಗಳವಿದೆ. ಬೇಲೂರಿನ ಮದನಿಕೆಯರಲ್ಲಿ ಕನ್ನಡಿ ಹಿಡಿದು ನಿಂತವಳ ಮುಂದೆ ಎಲ್ಲರೂ ಗುಂಪು ಕಟ್ಟುತ್ತಾರೆ. ಕೋತಿಯೊಂದು ಸೀರೆ ಎಳೆಯುವಾಗ ತಬ್ಬಿಬ್ಬಾದವಳೂ ಅಲ್ಲೇ ಇದ್ದಾಳೆ. ಮೊದಲನೆಯವಳದು ಪೋಸು, ಎರಡನೆಯವಳದು ಕ್ಯಾಂಡಿಡ್. 900 ವರ್ಷದ ಹಿಂದಿನ ಶಿಲ್ಪಿಗಳು ಎರಡನ್ನೂ ಕಡೆದಿಟ್ಟರು.

ಅಂದಹಾಗೆ, ಆ ಸಾಲೇ ನನಗೆ ದೊಡ್ಡ ಸುಗ್ಗಿ. ಮುಂದೆ ನಿಂತವರ ಸೀರೆಯ ಜರಿ ಮುಟ್ಟಿ ನೋಡುವವರು, ಉಡುಗೊರೆಯ ಕವರಿಗೆ ಕೊನೇ ಗಳಿಗೆಯಲ್ಲಿ ಒಂದು ರೂಪಾಯಿ ನಾಣ್ಯ ಹುಡುಕುವವರು, ‘ಮೊದಲು ಊಟ ಮಾಡ್ಕೊಂಡ್ ಬರೋಣ’ ಎಂದು ಗಂಡನ ತೋಳು ಜಗ್ಗುವವರು ಎಲ್ಲರೂ ಅಲ್ಲೇ ಸಿಗುತ್ತಾರೆ.

ದುಡ್ಡು ಕೊಡೋದು ಮದುಮಕ್ಕಳ ಫೋಟೊಗೆ. ನೆಂಟರನ್ನು ತೆಗೆದು ಏನು ಪ್ರಯೋಜನ?

ಯಾರದಾದರೂ ಮನೆಯಲ್ಲಿ ಹತ್ತು ವರ್ಷದ ಹಿಂದಿನ ಆಲ್ಬಮ್ ತೆಗೆಸಿ ನೋಡಿ. ಗಂಡು ಹೆಣ್ಣು ನಿಂತ ಪುಟಗಳನ್ನು ಸರಸರ ತಿರುಗಿಸುತ್ತಾರೆ. ಬೆರಳು ನಿಲ್ಲುವುದು ನೆಂಟರ ಮೇಲೆ. ‘ಇವನು ಅವನೇನಾ? ತಲೆ ತುಂಬ ಕೂದಲಿತ್ತಲ್ಲ!’ ‘ಈ ಸೀರೆ ನಂದು, ಇವಳ್ಯಾಕೆ ಉಟ್ಟಿದ್ದಾಳೆ?’ ಅರ್ಧ ಗಂಟೆ ಅಲ್ಲೇ ಕಳೆಯುತ್ತದೆ.

ಇನ್ನೊಂದನ್ನು ನಮ್ಮ ಕಡೆಯ ಹಳ್ಳಿಮನೆಗಳ ನಡುಮನೆಯಲ್ಲಿ ಗಮನಿಸಿ. ತೀರಿಕೊಂಡವರ ಫೋಟೊಗೆ ಚೌಕಟ್ಟು ಹಾಕಿ, ಗಂಧದ ಹಾರ ಹಾಕಿರುತ್ತಾರಲ್ಲ, ಅದರ ಅಂಚನ್ನು ನೋಡಿ. ಪಕ್ಕದವರ ಭುಜ, ಯಾರದೋ ಸೆರಗಿನ ತುದಿ ಕಾಣುತ್ತದೆ. ಯಾವುದೋ ಮದುವೆಯ ಗುಂಪು ಫೋಟೊದಿಂದ ಮುಖ ಒಂದನ್ನೇ ಕತ್ತರಿಸಿ ದೊಡ್ಡದು ಮಾಡಿಸಿದ್ದು ಅದು. ಗುಂಪಿನಲ್ಲಿ ಉಸಿರು ಹಿಡಿದು ನಿಂತ ಮುಖವೇ ಕೊನೆಗೆ ಗೋಡೆಗೆ ಬಂತು. ಆ ಮನುಷ್ಯ ನಗುತ್ತಿದ್ದದ್ದು ಹೇಗೆ, ಕವಳ ಹಾಕಿಕೊಂಡು ಕತ್ತು ಓರೆ ಮಾಡಿ ಮಾತಾಡುತ್ತಿದ್ದದ್ದು ಹೇಗೆ ಎಂಬುದು ಎಲ್ಲಿಯೂ ಉಳಿಯಲಿಲ್ಲ. ಎಪ್ಪತ್ತು ದಾಟಿದ ಎಷ್ಟೋ ಜನರಿಗೆ ಆಧಾರ್ ಕಾರ್ಡ್ ಬಿಟ್ಟರೆ ಮದುವೆಮನೆಯ ಫೋಟೊ ಒಂದೇ ಗತಿ. ಅದಕ್ಕೇ ನಾನು ಛತ್ರಕ್ಕೆ ಕಾಲಿಟ್ಟ ತಕ್ಷಣ ಹುಡುಕುವುದು ಗೋಡೆ ಪಕ್ಕದ ಕುರ್ಚಿಗಳನ್ನು. ಮಂಡಿನೋವಿನವರೆಲ್ಲ ಅಲ್ಲೇ ಕೂತಿರುತ್ತಾರೆ, ಯಾವ ವಿಡಿಯೊದವನೂ ಅತ್ತ ಹೋಗುವುದಿಲ್ಲ.

ಮದುವೆಯಲ್ಲಿ ಯಾವ ಹೊತ್ತು ನಿಮಗೆ ಮುಖ್ಯ?

ನಮ್ಮ ಕಡೆ ಹೆಚ್ಚಾಗಿ ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಎರಡರ ನಡುವಿನ ಹೊತ್ತು ನನ್ನದು. ಬೆಳಗಿನ ಐದಕ್ಕೆ ಛತ್ರದ ಹಿಂದೆ ನೀರೊಲೆ ಉರಿಯುತ್ತಿರುತ್ತದೆ, ಬಿಸಿನೀರಿಗೆ ಬಕೆಟ್ ಹಿಡಿದ ಸಾಲು. ಟವೆಲ್ಲು ಹೊದ್ದ ಭಾವಂದಿರು ನಿಂತೇ ಕಾಫಿ ಕುಡಿಯುತ್ತಾರೆ. ರಾತ್ರಿ ಕೋಟು ಹಾಕಿಕೊಂಡು ಬಿಗುವಾಗಿ ಓಡಾಡಿದ ದೊಡ್ಡ ಮನುಷ್ಯರು ಬನಿಯನ್ನಿನಲ್ಲಿ ನಿಂತು ಹೂ ಮಾರುವವನ ಜೊತೆ ಚೌಕಾಸಿ ಮಾಡುತ್ತಿರುತ್ತಾರೆ. (ಬನಿಯನ್ನಿನ ಫೋಟೊವನ್ನು ಅವರಿಗೇ ಕಳಿಸುತ್ತೇನೆ, ಆಲ್ಬಮ್‌ಗೆ ಹಾಕುವುದಿಲ್ಲ.)

ಗಂಗೆ ತರಲು ಹೊರಟಾಗ ಓಲಗದವರ ಹಿಂದೆ ಹೋಗುತ್ತೇನೆ. ಸೋಬಾನೆ ಹೇಳುವ ಅಜ್ಜಿಯರು ಈಗ ಊರಿಗೆ ಇಬ್ಬರೋ ಮೂವರೋ. ಒಬ್ಬರು ಎತ್ತಿಕೊಂಡ ಸೊಲ್ಲನ್ನು ಇನ್ನೊಬ್ಬರು ಮರೆತು, ಮೂರನೆಯವರು ತಿದ್ದಿ, ನಡುವೆ ನಗು ಬಂದು ನಿಂತುಹೋಗುತ್ತದಲ್ಲ, ಆ ನಿಂತ ಜಾಗದಲ್ಲಿ ಫೋಟೊ ಇದೆ.

ಆಮೇಲೆ ಅಂತರಪಟ. ಛತ್ರಕ್ಕೆ ಛತ್ರವೇ ವೇದಿಕೆ ನೋಡುತ್ತಿರುತ್ತದೆ. ನಾನು ಮದುಮಕ್ಕಳಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿ ನಿಲ್ಲುತ್ತೇನೆ. ಇದನ್ನು ನೋಡಿ ಎಷ್ಟೋ ಹೆಣ್ಣಿನ ತಂದೆಯರು ಗಾಬರಿಯಾಗಿದ್ದಾರೆ, ‘ಏಯ್, ಇತ್ತ ಕಣಯ್ಯ!’ ಎಂದು ಕೂಗಿದ್ದೂ ಉಂಟು. ಜೀರಿಗೆ ಬೆಲ್ಲ, ಮಾಂಗಲ್ಯವನ್ನೆಲ್ಲ ಜೊತೆಗಾರ ಹಿಡಿಯುತ್ತಾನೆ. ಪುರೋಹಿತರು ಕೈ ಎತ್ತಿದ ಕೂಡಲೇ ಗಟ್ಟಿಮೇಳ. ಕೂತವರು ಎದ್ದು ನಿಲ್ಲುತ್ತಾರೆ, ಮುನ್ನೂರು ಕೈ ಒಟ್ಟಿಗೆ ಮೇಲೇಳುತ್ತವೆ. ಅಕ್ಷತೆ ಹೆಚ್ಚಿನಂಶ ಮದುಮಕ್ಕಳನ್ನು ಮುಟ್ಟುವುದೇ ಇಲ್ಲ, ಮುಂದಿನ ಸಾಲಿನವರ ತಲೆ ಮೇಲೆ, ವಿಡಿಯೊದವನ ಕಾಲರಿನೊಳಗೆ ಬೀಳುತ್ತದೆ. ಅಕ್ಷತೆ ಮುಷ್ಟಿಯಲ್ಲೇ ಉಳಿದುಹೋಗಿ, ಬಾಯಿ ತೆರೆದು ನೋಡುತ್ತ ನಿಂತವರು ಒಬ್ಬರಾದರೂ ಇದ್ದೇ ಇರುತ್ತಾರೆ. ಇಷ್ಟೆಲ್ಲ ಮುಗಿಯುವುದು ಹತ್ತು ಸೆಕೆಂಡಿನಲ್ಲಿ.

ಹೆಣ್ಣೊಪ್ಪಿಸುವಾಗ ಎಲ್ಲರೂ ಅಳ್ತಾರೆ. ಅದನ್ನೂ ತೆಗೀತೀರಾ?

ತೆಗೆಯುತ್ತೇನೆ, ದೂರದಿಂದ. 85 ಅಥವಾ 135 ಎಂ.ಎಂ. ಲೆನ್ಸು, ಫ್ಲ್ಯಾಶ್ ಇಲ್ಲ. ಅಳುವವರ ಮೂಗಿನ ಕೆಳಗೆ ಎಲ್‌ಇಡಿ ಲೈಟು ಹಿಡಿದು ‘ಅಮ್ಮಾ, ಇನ್ನೊಂದ್ಸಲ ತಬ್ಕೊಳಿ’ ಎನ್ನುವವರನ್ನು ನೋಡಿದ್ದೇನೆ, ಆವತ್ತು ನಮ್ಮ ಕಸುಬಿನ ಮೇಲೇ ಬೇಸರ ಬಂತು. ನನ್ನ ಕಣ್ಣು ಹೆಚ್ಚಾಗಿ ಹೋಗುವುದು ಅಳದವರ ಕಡೆಗೆ. ತಮ್ಮನೋ ಚಿಕ್ಕಪ್ಪನೋ ಕಾರಿನ ಡಿಕ್ಕಿಗೆ ಸೂಟ್‌ಕೇಸ್ ಹಾಕುವ ನೆಪದಲ್ಲಿ ಅತ್ತ ತಿರುಗಿ ನಿಂತಿರುತ್ತಾರೆ, ಹಾಕಿದ ಸೂಟ್‌ಕೇಸನ್ನೇ ಮತ್ತೆ ತೆಗೆದು ಮತ್ತೆ ಹಾಕುತ್ತಿರುತ್ತಾರೆ.

ಊಟಕ್ಕೆ ಕೂತಾಗ ದಯವಿಟ್ಟು ಕ್ಯಾಮೆರಾ ತರಬೇಡಿ ಅಂತ ನಮ್ಮತ್ತೆ ಹೇಳಿದ್ದಾರೆ.

ನಿಮ್ಮತ್ತೆ ಹೇಳಿದ್ದು ಸರಿ. ಬಾಯಿಗೆ ತುತ್ತು ಹೋಗುವಾಗ ಯಾರೂ ಚೆನ್ನಾಗಿ ಕಾಣುವುದಿಲ್ಲ, ನೋಡಲು ನಾವೂ ಹೋಗಬಾರದು. ವಿಡಿಯೊದವರು ಎಲೆಯ ಉದ್ದಕ್ಕೂ ಕ್ಯಾಮೆರಾ ಎಳೆದುಕೊಂಡು ಹೋಗುವ ಪದ್ಧತಿ ಯಾರು ಶುರು ಮಾಡಿದರೋ, ಜನ ಅನ್ನ ಕಲಸುತ್ತಲೇ ಬೆರಳು ಮುಚ್ಚಿಕೊಂಡು ಕೂರುವಂತಾಗಿದೆ.

ಆದರೆ ಪಂಕ್ತಿಯಲ್ಲಿ ತಿನ್ನುವುದೊಂದೇ ಅಲ್ಲವಲ್ಲ ನಡೆಯುವುದು. ಎಲೆ ತೊಳೆದು ಕಾಯುತ್ತಾ ಪಕ್ಕದವರ ಪರಿಚಯ ಮಾಡಿಕೊಳ್ಳುತ್ತಾರೆ. ಎರಡನೇ ಹೋಳಿಗೆ ಬಂದಾಗ ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಎನ್ನುತ್ತಾರೆ, ಬಡಿಸುವವನು ಬೆರಳ ಸಂದಿಯಲ್ಲೇ ಜಾರಿಸಿ ಹೋಗುತ್ತಾನೆ. ತುಪ್ಪದ ಹುಡುಗನನ್ನು ಹಿಂದಕ್ಕೆ ಕರೆಯುತ್ತಾರೆ. ಹಿಂದಿನ ಪಂಕ್ತಿ ಏಳುವ ಮೊದಲೇ ಕುರ್ಚಿಯ ಬೆನ್ನು ಹಿಡಿದು ನಿಂತವರ ಮುಖ ನೋಡಿದ್ದೀರಾ? ಬಿಗುಮಾನ, ಹಸಿವು, ನಾಚಿಕೆ ಎಲ್ಲ ಒಟ್ಟಿಗೆ ಇರುತ್ತವೆ. ಇವಿಷ್ಟು ಸಾಕು ನನಗೆ.

ಬೀಗರೂಟಕ್ಕೆ ಕರೆದರೆ ಕ್ಯಾಮೆರಾವನ್ನು ಮೊದಲ ಅರ್ಧ ಗಂಟೆ ಹೊರಗೆ ತೆಗೆಯುತ್ತೇನೆ, ಮುದ್ದೆ ಬಂದ ಮೇಲೆ ಬ್ಯಾಗಿಗೆ ಹಾಕುತ್ತೇನೆ. ಅಲ್ಲಿಂದಾಚೆ ನಾನೂ ನೆಂಟನೇ.

ಯಾವುದನ್ನು ತೆಗೆಯುವುದೇ ಇಲ್ಲ?

ಮುಯ್ಯಿ ಬರೆಯುವ ಪುಸ್ತಕ. ಆ ಮೇಜಿನ ಮೇಲಿನ ಪುಟ ಫೋಟೊದಲ್ಲಿ ಸ್ಪಷ್ಟ ಬಂದರೆ ಯಾರು ಎಷ್ಟು ಹಾಕಿದರು ಎಂಬುದು ಊರಿಗೆಲ್ಲ ಗೊತ್ತಾಗಿ ಮುಂದಿನ ಮೂರು ಮದುವೆ ಕೆಡುತ್ತವೆ. ಎಸ್ಟೇಟಿನ ರಾತ್ರಿ ಪಾರ್ಟಿಗಳಲ್ಲಿ ಕೈಯಲ್ಲಿ ಗ್ಲಾಸು ಹಿಡಿದವರು. ಹೆಣ್ಣುಮಕ್ಕಳು ಅಲಂಕಾರ ಮಾಡಿಕೊಳ್ಳುವ ಕೋಣೆಗೆ ನಾನು ಹೋಗುವುದಿಲ್ಲ, ಬೇಕೆಂದರೆ ತಂಡದ ಹುಡುಗಿ ಹೋಗುತ್ತಾಳೆ, ಅದೂ ಕರೆದರೆ ಮಾತ್ರ. ಬೀಗರ ಜಗಳ ತೆಗೆಯುವುದಿಲ್ಲ, ಅದು ಎಷ್ಟೇ ಸೊಗಸಾಗಿರಲಿ.

ಬಾಯಿ ತೆರೆದು ಕುರ್ಚಿಯಲ್ಲೇ ನಿದ್ದೆ ಹೋದವರ ವಿಷಯದಲ್ಲಿ ಮನೆಯಿಂದ ಮನೆಗೆ ನ್ಯಾಯ ಬೇರೆ. ಕೆಲವರು ಬಿದ್ದು ಬಿದ್ದು ನಗುತ್ತಾರೆ, ಕೆಲವರು ಮೂರು ತಿಂಗಳು ಮಾತು ಬಿಡುತ್ತಾರೆ. ತೆಗೆದರೂ ಮೊದಲು ಅವರ ಮಕ್ಕಳಿಗೆ ತೋರಿಸುತ್ತೇನೆ.

ಅರಿಶಿನ ಶಾಸ್ತ್ರದಲ್ಲಿ ಒಂದು ವಿಷಯ. ‘ಮುತ್ತೈದೆಯರು ಬನ್ನಿ’ ಎಂದು ಕರೆದಾಗ ಬಾಗಿಲ ಬಳಿಯೇ ನಿಂತುಬಿಡುವ ಹೆಂಗಸರಿರುತ್ತಾರೆ. ಮದುಮಗಳನ್ನು ಎತ್ತಿ ಆಡಿಸಿ ಬೆಳೆಸಿದವರೇ ಎಷ್ಟೋ ಸಲ ಅಲ್ಲಿ ನಿಂತಿರುತ್ತಾರೆ. ಅವರು ನಿಂತದ್ದನ್ನು ನಾನು ತೆಗೆಯುವುದಿಲ್ಲ. ಶಾಸ್ತ್ರ ಮುಗಿದ ಮೇಲೆ ಮದುಮಗಳೇ ಎದ್ದು ಹೋಗಿ ಅವರ ಕೆನ್ನೆಗೆ ಅರಿಶಿನ ಹಚ್ಚಿದಳೆಂದರೆ ಬಿಡುವುದಿಲ್ಲ. ಒಮ್ಮೆ ಹಾಗಾಯಿತು, ಆಲೂರಿನ ಹತ್ತಿರದ ಹಳ್ಳಿಯಲ್ಲಿ.

ನನ್ನ ಫೋಟೊ ಬೇಡ, ಅಳಿಸಿ ಅಂದ್ರೆ?

ಅಲ್ಲೇ, ನಿಮ್ಮೆದುರೇ ಅಳಿಸುತ್ತೇನೆ. ಯಾಕೆ ಎಂದು ಕೇಳುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ ಆ ಮೊಕದ್ದಮೆ ಹೂಡಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಸರ್ಕಾರದ ಎದುರಿನ ಹಕ್ಕಿನ ಮಾತು ನಿಜ, ಮದುವೆಮನೆಗೆ ಕೋರ್ಟೇನೂ ಬರುವುದಿಲ್ಲ. ಬೇಡ ಎಂದವರ ಮುಖದಲ್ಲಿ ಹೇಗೂ ಒಳ್ಳೆಯ ಫೋಟೊ ಇರುವುದಿಲ್ಲ.

ಮಕ್ಕಳದಾದರೆ ಅಪ್ಪ ಅಮ್ಮನನ್ನು ಕೇಳುತ್ತೇನೆ. ನನ್ನ ಇನ್‌ಸ್ಟಾಗ್ರಾಮ್ ಪುಟಕ್ಕೆ ಹಾಕುವುದಾದರೆ ದೊಡ್ಡವರನ್ನೂ ಕೇಳುತ್ತೇನೆ. ಆಲ್ಬಮ್‌ನಲ್ಲಿ ಇರುವುದು ಬೇರೆ, ಊರೆಲ್ಲ ನೋಡುವುದು ಬೇರೆ.

ಫೋಟೊ ಯಾರ ಸ್ವತ್ತು?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದು, ಬೇರೆ ಕರಾರು ಇಲ್ಲದಿದ್ದರೆ. ಅಂದರೆ ಮದುವೆ ಮಾಡಿಸಿದವರದು. ನಾನು ಅವನ್ನು ನಾಲ್ಕು ಜನಕ್ಕೆ ತೋರಿಸಬೇಕಾದರೆ ಕಾಗದದ ಮೇಲೆ ಬರೆಸಿಕೊಳ್ಳಬೇಕು, ಬರೆಸಿಕೊಳ್ಳುತ್ತೇನೆ.

ನಾನೂ ಈ ಕೆಲಸ ಕಲೀಬೇಕು. ನಮ್ಮೂರ ಛತ್ರದ ಬೆಳಕಲ್ಲಿ ಹೇಗೆ ತೆಗೀತೀರಿ?

ಇದಕ್ಕೆ ಉದ್ದ ಉತ್ತರ ಬೇಕು, ತಡ್ಕೊಳ್ಳಿ. ಛತ್ರದಲ್ಲಿ ನಾಲ್ಕು ಬಗೆಯ ಬೆಳಕು ಒಟ್ಟಿಗೆ ಇರುತ್ತದೆ. ಮೇಲೆ ಟ್ಯೂಬ್‌ಲೈಟ್, ವೇದಿಕೆಯಲ್ಲಿ ನೇರಳೆ ಎಲ್‌ಇಡಿ, ಚಪ್ಪರದಲ್ಲಿ ಹಳದಿ ಸೀರಿಯಲ್ ಸೆಟ್, ಬಾಗಿಲಿನಿಂದ ಹಗಲು. ಅದರ ಮೇಲೆ ವಿಡಿಯೊದವನ ಬಿಳಿ ಲೈಟು ಬೇರೆ. ಎಲ್ಲವನ್ನೂ ಸರಿಮಾಡಲು ಹೋದರೆ ಹುಚ್ಚು ಹಿಡಿಯುತ್ತದೆ. ಮುಖದ ಮೇಲೆ ಬಿದ್ದ ಬೆಳಕು ಯಾವುದೋ ಅದಕ್ಕೆ ಬಣ್ಣ ಹೊಂದಿಸಿ, ಉಳಿದದ್ದು ಏನಾದರೂ ಆಗಲಿ.

ನಮ್ಮ ಕರೆಂಟು 50 ಹರ್ಟ್ಸ್. ಹಳೇ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಟುಕುತ್ತವೆ. ಕಣ್ಣಿಗೆ ಕಾಣದ ಈ ಮಿಟುಕು ಶಟರ್‌ಗೆ ಕಾಣುತ್ತದೆ. 1/100 ಸೆಕೆಂಡಿಗಿಂತ ವೇಗ ಹೋದರೆ ಒಂದು ಫೋಟೊ ಕತ್ತಲು, ಇನ್ನೊಂದು ಹಸಿರು ಬರಬಹುದು. ಕೂತು ಮಾತಾಡುವವರಿಗೆ 1/100 ಸಾಕು. ಅಕ್ಷತೆ ಎರಚುವ ಕೈಗೆ 1/250 ಆದರೂ ಬೇಕು, ಆಗ ಕ್ಯಾಮೆರಾದ ಆ್ಯಂಟಿ ಫ್ಲಿಕರ್ ಹಾಕಿಕೊಳ್ಳಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಕ್ಯಾಂಡಿಡ್‌ಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ, ಆದರೆ ವೇದಿಕೆಯ ಎಲ್‌ಇಡಿ ಗೋಡೆಯ ಮುಂದೆ ಬಳಸಿದರೆ ಫೋಟೊ ತುಂಬ ಪಟ್ಟೆ ಬರುತ್ತದೆ. ನಾನು ಮಿರರ್‌ಲೆಸ್ ಕ್ಯಾಮೆರಾದಲ್ಲಿ ತೆಗೆದ ಮೊದಲ ಮದುವೆಯಲ್ಲಿ ನಲವತ್ತು ಫೋಟೊ ಹಾಗೇ ಹಾಳಾದವು.

ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200, 6400ಕ್ಕೆ ಏರಿಸಲು ಹೆದರಬೇಡಿ. ಸ್ವಲ್ಪ ಮರಳು ಮರಳಾದ ನಗು, ನುಣುಪಾದ ಪೆಚ್ಚುಮೋರೆಗಿಂತ ಮೇಲು. ಫ್ಲ್ಯಾಶನ್ನು ಚಾವಣಿಗೆ ತಿರುಗಿಸಿ ಹೊಡೆಯಿರಿ ಎಂದು ಕಲಿಸುತ್ತಾರೆ, ನಮ್ಮ ಛತ್ರಗಳ ಚಾವಣಿಗೆ ಕೆಂಪು ಹಳದಿ ಬಟ್ಟೆ ಇಳಿಬಿಟ್ಟಿರುತ್ತಾರೆ, ಎಲ್ಲರ ಮುಖಕ್ಕೂ ಕುಂಕುಮ ಬಳಿದ ಹಾಗಾಗುತ್ತದೆ. ಲೆನ್ಸು ಎರಡು ಸಾಕು, ಒಂದು 35, ಒಂದು 85. ಭಾರಿ 70-200 ಜೂಮ್ ಲೆನ್ಸು ಹಿಡಿದು ಹೊರಟರೆ ಕಂಬವಾಗಲು ಆಗುವುದಿಲ್ಲ, ತೋಪು ಹಿಡಿದ ಸಿಪಾಯಿಯಾಗುತ್ತೀರಿ.

ಕಾಯುವುದನ್ನು ಕಲಿಯಲು ಒಂದು ದಾರಿ ಹೇಳುತ್ತೇನೆ. ಮೂಡಿಗೆರೆಯ ತೋಟದಲ್ಲಿದ್ದ ತೇಜಸ್ವಿ ಹಕ್ಕಿಗಳ ಫೋಟೊಗೆ ಗಂಟೆಗಟ್ಟಲೆ ಕೂರುತ್ತಿದ್ದರಲ್ಲ, ಹಾಗೆ ಮನೆ ಹಿತ್ತಲಲ್ಲಿ ಒಂದು ಪಿಕಳಾರದ ಫೋಟೊ ತೆಗೆದುಕೊಂಡು ಬನ್ನಿ. ಆಮೇಲೆ ಚಿಕ್ಕಮ್ಮಂದಿರು ಸುಲಭ.

ತೋಟದಲ್ಲೇ ಮದುವೆ. ಮಳೆ, ಮಂಜು ಬಂದ್ರೆ?

ಕಾಫಿ ಕೊಯ್ಲು ನವೆಂಬರಿನಿಂದ ಫೆಬ್ರವರಿವರೆಗೆ, ಹಾಗಾಗಿ ತೋಟದ ಮದುವೆಗಳು ಹೆಚ್ಚಾಗಿ ಅದಾದ ಮೇಲೆ, ಕಣ ಖಾಲಿಯಾದಾಗ. ಕಾಫಿ ಒಣಗಿಸುವ ಆ ಸಿಮೆಂಟಿನ ಕಣ ಇದೆಯಲ್ಲ, ಸಂಜೆ ಐದೂವರೆಗೆ ಅದಕ್ಕಿಂತ ಒಳ್ಳೆಯ ಸ್ಟುಡಿಯೊ ಬೆಂಗಳೂರಿನಲ್ಲೂ ಇಲ್ಲ. ಸಿಲ್ವರ್ ಓಕ್ ಮರಗಳ ಸಂದಿಯಿಂದ ಬೆಳಕು ಓರೆಯಾಗಿ ಬರುತ್ತದೆ, ಸಿಮೆಂಟು ಅದನ್ನು ಕೆಳಗಿನಿಂದ ಮುಖಕ್ಕೆ ಎಸೆಯುತ್ತದೆ. ಆರೂವರೆಗೆ ಎಲ್ಲ ಮುಗಿಯಿತು. ಹಾಗಾಗಿ ಸಂಜೆ ಏಳಕ್ಕೆ ಕಾರ್ಯಕ್ರಮ ಎನ್ನುವವರಿಗೆ ಐದಕ್ಕೇ ನೆಂಟರನ್ನು ಕರೆಯಲು ಹೇಳುತ್ತೇನೆ. ಕರೆದವರು ಬರುವುದು ಏಳಕ್ಕೇ, ಅದು ಬೇರೆ ಮಾತು.

ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಗಿಡಕ್ಕೆ ಹೂ ಅರಳಿಸುವ ಮಳೆ) ಬಂದರೆ ಮದುವೆ ಯಜಮಾನ ಅಳಬೇಕೋ ನಗಬೇಕೋ ತಿಳಿಯದೆ ನಿಂತಿರುತ್ತಾನೆ. ಶಾಮಿಯಾನ ಸೋರುತ್ತಿದೆ, ತೋಟಕ್ಕೆ ಲಕ್ಷಾಂತರ ರೂಪಾಯಿಯ ಮಳೆ ಬೀಳುತ್ತಿದೆ. ಪ್ಲಾಂಟರ್ ನೆಂಟರೆಲ್ಲ ಮದುಮಕ್ಕಳನ್ನು ಬಿಟ್ಟು ಆಕಾಶ ನೋಡುತ್ತ ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದು ಮಳೆಯ ಅಳತೆ ಕೇಳಲು ಫೋನು ಹಚ್ಚುತ್ತಾರೆ. ನನ್ನ ಬಳಿ ಇರುವ ಅತ್ಯುತ್ತಮ ನೆಂಟರ ಫೋಟೊಗಳಲ್ಲಿ ಎರಡು ಅಂಥ ಮಳೆಯವು. ಏ.ಸಿ. ಕಾರಿನಿಂದ ಇಳಿದ ತಕ್ಷಣ ಲೆನ್ಸು ಬೆವರುತ್ತದೆ, ಹತ್ತು ನಿಮಿಷ ಬ್ಯಾಗಿನಲ್ಲೇ ಬಿಡಬೇಕು. ರಾತ್ರಿ ಸಕಲೇಶಪುರ, ಆಲೂರು ಕಡೆ ಆನೆ ಓಡಾಟದ ಸುದ್ದಿ ಬಂದರೆ ನಾವು ಅಲ್ಲೇ ಉಳಿಯುತ್ತೇವೆ, ಒಂದು ಚಾಪೆ ಕೊಟ್ಟರೆ ಸಾಕು.

ಪ್ರಿವೆಡ್ಡಿಂಗ್ ಶೂಟ್ ಮಾಡ್ತೀರಾ? ಶೆಟ್ಟಿಹಳ್ಳಿ ಚರ್ಚ್?

ಇಲ್ಲ. ಅಲ್ಲಿ ನೆಂಟರಿರುವುದಿಲ್ಲ.

ನಮ್ಮದು ಮಂತ್ರಮಾಂಗಲ್ಯ. ಗಲಾಟೆ ಇಲ್ಲ, ಶಾಸ್ತ್ರ ಇಲ್ಲ. ಕ್ಯಾಂಡಿಡ್‌ಗೆ ಏನು ಸಿಗುತ್ತೆ?

ಕುವೆಂಪು ರೂಪಿಸಿದ ಈ ಮದುವೆ ನನಗೆ ಕಷ್ಟದ್ದೂ ಹೌದು, ಇಷ್ಟದ್ದೂ ಹೌದು. ವಾದ್ಯದ ಅಬ್ಬರವಿಲ್ಲ, ಶಟರ್ ಸದ್ದು ಎರಡನೇ ಸಾಲಿಗೂ ಕೇಳುತ್ತದೆ. ಆದರೆ ಪ್ರತಿಜ್ಞೆ ಓದುವಾಗ ಬಂದವರು ನಿಜಕ್ಕೂ ಕಿವಿಗೊಡುತ್ತಾರೆ. ಮದುವೆಯಾಗಿ ಮೂವತ್ತು ವರ್ಷವಾದ ದಂಪತಿ ಆ ಮಾತು ಕೇಳುತ್ತಾ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಾರೆ. ಒಂದು ಗಂಟೆಗೂ ಮುಂಚೆ ಮುಗಿದುಹೋಗುವುದರಿಂದ ನಾನು ಊಟಕ್ಕೆ ಎಲ್ಲರಿಗಿಂತ ಮುಂಚೆ ಕೂರಬಹುದು ಎಂಬುದೂ ಸುಳ್ಳಲ್ಲ.

ಎಷ್ಟು ಫೋಟೊ ಕೊಡ್ತೀರಿ? ತೆಗೆದದ್ದೆಲ್ಲ ಕೊಡಬಾರದಾ?

ಎರಡು ದಿನದಲ್ಲಿ ಮೂರು ಸಾವಿರ ಕ್ಲಿಕ್ಕಾದರೆ ಕೈಗೆ ಕೊಡುವುದು ಐನೂರರಿಂದ ಆರುನೂರು. ಉಳಿದವು ಕಣ್ಣು ಮುಚ್ಚಿದವು, ಆಕಳಿಸಿದವು, ಕೊಟ್ಟರೆ ನೀವೇ ಬೈಯುತ್ತೀರಿ. ಎಲ್ಲವೂ ಅದೇ ರಾತ್ರಿ ಮೂರು ಕಡೆ ನಕಲಾಗುತ್ತವೆ, ಅದರಲ್ಲಿ ಒಂದು ನನ್ನ ಮನೆಯಲ್ಲಲ್ಲ, ತಂಗಿ ಮನೆಯಲ್ಲಿ. ಆಲ್ಬಮ್ ವಿನ್ಯಾಸದವರು ಅಜ್ಜಿಯ ಮುಖವನ್ನು ಹೃದಯದ ಆಕಾರದಲ್ಲಿ ಕತ್ತರಿಸಿ ಗುಲಾಬಿ ಅಂಟಿಸಿದರೆ ಅದಕ್ಕೆ ನಾನು ಹೊಣೆಯಲ್ಲ.

ನೆಂಟರು ಮೊಬೈಲ್ ಹಿಡ್ಕೊಂಡು ಅಡ್ಡ ಬಂದ್ರೆ ನಿಮಗೆ ತೊಂದರೆನಾ?

ವೇದಿಕೆಯವನಿಗೆ ತೊಂದರೆ. ನನಗೆ ಮೊಬೈಲ್ ಹಿಡಿದವರೂ ಫೋಟೊನೇ. ಕನ್ನಡಕ ಹಣೆಗೇರಿಸಿ, ಒಂದು ಬೆರಳಲ್ಲಿ ಒತ್ತಿ, ವಿಡಿಯೊ ಆಗುತ್ತಿದೆ ಎಂದುಕೊಂಡು ತಮ್ಮದೇ ಮುಖ ತೆಗೆಯುತ್ತಿರುವ ದೊಡ್ಡಪ್ಪಂದಿರು ಪ್ರತಿ ಮದುವೆಯಲ್ಲೂ ಒಬ್ಬರಿದ್ದಾರೆ.

ಆರುನೂರು ಫೋಟೊದಲ್ಲಿ ನಮ್ಮ ಸೋದರಮಾವನದ್ದು ಒಂದೂ ಇಲ್ಲ. ಯಾಕೆ?

ಈ ಪ್ರಶ್ನೆ ನನಗೆ ನಿಜವಾಗಿಯೂ ಬಂತು, ಉತ್ತರ ಇರಲಿಲ್ಲ. ಆ ಮಾವ ಎರಡು ದಿನವೂ ಛತ್ರದ ಹಿಂದೆಯೇ ಇದ್ದರು. ಹಾಲು ಬಂತೇ, ಗ್ಯಾಸು ಸಾಕೇ, ಎಲೆ ಕಡಿಮೆ ಬಿತ್ತೇ ಎಂದು ನೋಡಿಕೊಳ್ಳುತ್ತಾ, ಧಾರೆಗೂ ಬಂದು ಹಿಂದಿನ ಬಾಗಿಲಲ್ಲಿ ನಿಂತು ಹೋದರಂತೆ. ನಾನು ಮುಂದಿದ್ದವರನ್ನೆಲ್ಲ ತೆಗೆದಿದ್ದೆ. ಮದುವೆ ನಡೆಸಿದವರೇ ಮದುವೆಯ ಫೋಟೊದಲ್ಲಿ ಇರಲಿಲ್ಲ. ಒಂದು ಫೋಟೊದ ಮೂಲೆಯಲ್ಲಿ ಸಾರಿನ ಬಕೆಟ್ ಹಿಡಿದ ಕೈಯೊಂದಿತ್ತು, ವಾಚು ನೋಡಿ ‘ಇದು ಅವರದೇ’ ಎಂದರು ಮನೆಯವರು.

ಅಂದಿನಿಂದ ಅಡುಗೆಮನೆ ಬಾಗಿಲಿಗೆ ಗಂಟೆಗೊಮ್ಮೆ ಹೋಗಿ ಬರುತ್ತೇನೆ. ಜೊತೆಗೆ ಮನೆಯವರಿಂದ ಒಂದು ಪಟ್ಟಿ ಬರೆಸಿಕೊಳ್ಳುತ್ತೇನೆ: ಹತ್ತು ಹೆಸರು, ನೆಂಟಸ್ತಿಕೆ, ಗುರುತಿಗೆ ಒಂದು ಮಾತು. ‘ಬಿಳಿ ಪಂಚೆ, ಎಡಗಾಲು ಸ್ವಲ್ಪ ಎಳೆಯುತ್ತಾರೆ’ ಎಂಬಷ್ಟು ಸಾಕು. ವಯಸ್ಸಾದವರು, ಹಿಂದೆ ಉಳಿಯುವವರು, ಬೇಗ ಮುನಿಸಿಕೊಳ್ಳುವವರು ಮೊದಲು ಬರಲಿ. ಪಟ್ಟಿಯನ್ನು ಮುಹೂರ್ತದ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಆವತ್ತು ನಿಮಗೂ ಪುರುಸೊತ್ತಿರುವುದಿಲ್ಲ, ನನಗೂ ಓದಲಾಗುವುದಿಲ್ಲ. ಲಗ್ನಪತ್ರಿಕೆ ಕೊಡಲು ಬರುತ್ತೀರಲ್ಲ, ಅದರ ಹಿಂದೆಯೇ ಪೆನ್ನಿನಲ್ಲಿ ಬರೆದು ತನ್ನಿ.